ಕೊನೆಯ ನಾಲ್ಕು ನಿಮಿಷ ಯಾರು ನೋಡಿದರು

ಗದಗ-ಬೆಟಗೇರಿ
ಇಸವಿ ೨೧೮೭, ಹದಿಮೂರನೆಯ ತಿಂಗಳು, ದಿನ ಒಂಬತ್ತು

ಮೊದಲ ನೋಡುಗರಿಗೆ,

ತಾರೀಖು ತಪ್ಪಿ ಬರೆದಿಲ್ಲ. ನಮ್ಮ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಕೊನೆಯದರ ಹೆಸರು ಮರುನೋಟ. ನನ್ನ ಕೆಲವು ಮಾತು ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಅವನ್ನು ಬಿಡಿಸಿ ಹೇಳುತ್ತ ಹೋಗುತ್ತೇನೆ. ನೀವು ಆನ್‌ಲೈನ್ ಕಲಿಕೆಯ ಬಳಗ ಕಟ್ಟಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ, ಚೆನ್ನಾಗಿದ್ದರೆ ಒಂದು ಡಿಜಿಟಲ್ ಬ್ಯಾಡ್ಜ್ ಕೊಡುತ್ತಿದ್ದಿರಲ್ಲ, ಅದನ್ನು ನಾವು ಬಿಲ್ಲೆ ಎನ್ನುತ್ತೇವೆ. ಕೊಡುವವರನ್ನು ನೋಡುಗರು ಎನ್ನುತ್ತೇವೆ. ನಾನು ಚೆನ್ನಾಜಿ, ವಯಸ್ಸು ಇಪ್ಪತ್ತಮೂರು. ಆರು ವರ್ಷದಿಂದ ನೋಡುಗರಲ್ಲಿ ಒಬ್ಬಳು.

ನಿಮಗೆ ಕಾಗದ ಮುಟ್ಟಿಸುವ ಅಂಚೆ ನಮ್ಮಲ್ಲಿಲ್ಲ. ಆದರೆ ನೀವು ಕೊಟ್ಟ ಮೊಟ್ಟಮೊದಲ ಬಿಲ್ಲೆಯ ಕೆಳಗೆ ಅಭಿಪ್ರಾಯ ಬರೆಯುವ ಪೆಟ್ಟಿಗೆ ಇದೆ. ಅದನ್ನು ಯಾರೂ ಮುಚ್ಚಿಲ್ಲ. ಅದರೊಳಗೆ ಇದನ್ನು ಹಾಕುತ್ತಿದ್ದೇನೆ. ಅಲ್ಲಿ ನಿಮ್ಮಲ್ಲೊಬ್ಬರು ಬರೆದ ಸಾಲು ಇನ್ನೂ ಇದೆ: "ನಿಮ್ಮ ವಿಡಿಯೋದ ಕೊನೆಯ ನಿಮಿಷದಲ್ಲಿ ಕೈ ಕಾಣುತ್ತಿಲ್ಲ, ಬೇಸರ ಮಾಡಿಕೊಳ್ಳದೆ ಮತ್ತೊಮ್ಮೆ ಕಳಿಸಿ." ಹೊಲಿಗೆ ಕಲಿಯುತ್ತಿದ್ದ ಯಾರಿಗೋ ಬರೆದದ್ದು. ಒಂದು ಅಂಗಿಯ ಗುಂಡಿಗಾಗಿ ನೀವು ಕೊನೆಯ ನಿಮಿಷದವರೆಗೆ ಕೂತು ನೋಡಿದಿರಿ. ಈ ವಾರ ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ನಮ್ಮ ಕಾಲದಲ್ಲಿ ಬಿಲ್ಲೆಯಿಲ್ಲದೆ ಯಾರೂ ಕೆಲಸಕ್ಕೆ ಕೈ ಹಾಕುವಂತಿಲ್ಲ. ಬಸ್ಸಿನ ಸ್ಟೇರಿಂಗ್ ಚಾಲಕಿಯ ಬಿಲ್ಲೆ ಗುರುತಿಸದೆ ತಿರುಗುವುದಿಲ್ಲ. ಮಿರ್ಚಿ ಕರಿಯುವವನ ಒಲೆ, ನೀರಿನ ಟಾಕಿಯ ಬೀಗ, ಹೆರಿಗೆ ಕೋಣೆಯ ಬಾಗಿಲು, ಎಲ್ಲಕ್ಕೂ ಬಿಲ್ಲೆ ಬೇಕು. ಕೆಲಸ ಮಾಡುವ ಕೈಗಳ ವಿಡಿಯೋವನ್ನು ಅಭ್ಯರ್ಥಿ ಕಳಿಸುತ್ತಾರೆ. ಜಾತಿ, ನೆಂಟಸ್ತಿಕೆ, ದಾಕ್ಷಿಣ್ಯ ನಡುವೆ ಬರಬಾರದೆಂದು ಮುಖ ತೋರಿಸುವಂತಿಲ್ಲ. ಮೂವರು ನೋಡುಗರು ಅದನ್ನು ಪೂರ್ತಿ ನೋಡಿ ಒಪ್ಪಿಗೆ ಒತ್ತಬೇಕು. ಹಳೆಯ ಅಚ್ಚುಕೂಟದ ಗೋದಾಮಿನಲ್ಲಿ ಸಿಕ್ಕ ಎಂಟು ಪುಟದ ಕರಪತ್ರದಲ್ಲಿ ಈ ನಿಯಮ ಓದಿದಾಗ ನನಗೆ ಹದಿನಾರು ವರ್ಷ. ಯಾರ ಮಗಳು ಎಂದು ಕೇಳದೆ, ಕೈ ಏನು ಮಾಡಬಲ್ಲದು ಎಂದಷ್ಟೇ ಕೇಳುವ ಲೋಕ! ನಾನು ಅದಕ್ಕೆ ಬದುಕು ಮುಡಿಪಿಟ್ಟೆ. ಈಗಲೂ ಆ ನಿಯಮ ನ್ಯಾಯವಾದದ್ದು ಎಂದೇ ಹೇಳುತ್ತೇನೆ. ಅದನ್ನು ಕೆಡಿಸಿದವರು ನಾವು, ನನ್ನನ್ನೂ ಸೇರಿಸಿ.

ಕೆಟ್ಟದ್ದು ಹೀಗೆ. ನೋಡುಗರ ಸಮಯ ಉಳಿಸಲೆಂದು ಯಾರೋ ಮಸುಕು ಗುರುತು ಎಂಬುದನ್ನು ತಂದರು. ಅಭ್ಯರ್ಥಿಯ ಹಿಂದಿನ ಬಿಲ್ಲೆಗಳು ಚೆನ್ನಾಗಿದ್ದರೆ, ಮೂವರೂ ಒಪ್ಪಬಹುದೆಂದು ಯಂತ್ರ ಮೊದಲೇ ಊಹಿಸಿ, ಮೂವರ ಹೆಸರಿನ ಮುಂದೆಯೂ ತೆಳು ಹಸಿರಿನ ಗುರುತು ಹಾಕಿಡುತ್ತದೆ. ನಿಜವಾಗಿ ಒತ್ತಿದ ಮೇಲೆ ಅದು ಗಾಢವಾಗುತ್ತದೆ. ನಮ್ಮೂರಿನ ಬಿಸಿಲಿನಲ್ಲಿ ಆ ಎರಡು ಹಸಿರಿನ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ.

ಮರುನೋಟದ ತಿಂಗಳಲ್ಲಿ ಪ್ರತಿಯೊಬ್ಬ ನೋಡುಗರೂ ತಾವು ಕೊಟ್ಟ ಬಿಲ್ಲೆಗಳನ್ನು ಮತ್ತೆ ನೋಡಬೇಕು. ಯಾರೂ ನೋಡುವುದಿಲ್ಲ, ಎಲ್ಲವನ್ನೂ ಒಟ್ಟಿಗೆ ಆರಿಸಿ ಒಂದೇ ಸಲ ಒತ್ತುತ್ತಾರೆ. ಈ ವರ್ಷ ನಾನು ಹಾಗೆ ಮಾಡಬಾರದೆಂದು ಕೂತೆ. ಅದಕ್ಕೊಂದು ಕಾರಣವಿತ್ತು. ನನ್ನ ಅಕ್ಕ ಫಕೀರವ್ವನಿಗೆ ದಿನ ತುಂಬಿವೆ, ಹನ್ನೆರಡನೆಯ ತಾರೀಖು ಹೇಳಿದ್ದಾರೆ. ಅವಳ ಹೆರಿಗೆ ಮಾಡಿಸಬೇಕಾದವಳು ಸುಗಂಧಾ ಹೊಂಬಳ. ಸುಗಂಧಾಳ ಬಿಲ್ಲೆಗೆ ಒಪ್ಪಿಗೆ ಕೊಟ್ಟವರಲ್ಲಿ ನಾನೂ ಒಬ್ಬಳು. ನೋಡಿ ಸಮಾಧಾನ ಮಾಡಿಕೊಳ್ಳೋಣವೆಂದು ಒಂದನೆಯ ತಾರೀಖಿನ ಬೆಳಿಗ್ಗೆ ಚಹಾ ಲೋಟ ಕೈಯಲ್ಲಿ ಹಿಡಿದು ಮೊದಲು ಅವಳ ವಿಡಿಯೋವನ್ನೇ ತೆರೆದೆ.

ಅದು ಹನ್ನೊಂದು ನಿಮಿಷದ ವಿಡಿಯೋ. ಮೇಜಿನ ಮೇಲೆ ಗೊಂಬೆತಾಯಿ, ಅಂದರೆ ಕಲಿಯುವವರು ಬಳಸುವ ರಬ್ಬರಿನ ಗೊಂಬೆ. ಸುಗಂಧಾಳ ಕೈಗಳು ಒಳ್ಳೆಯವು, ಆತುರವಿಲ್ಲದ ಕೈಗಳು. ಏಳನೆಯ ನಿಮಿಷಕ್ಕೆ ಕೂಸು ಹೊರಗೆ ಬಂತು. ಆಮೇಲೆ ಪರದೆ ಕಪ್ಪಾಯಿತು. ನನ್ನ ಫೋನ್ ಕೆಟ್ಟಿತೆಂದು ತಟ್ಟಿದೆ. ಹಿಂದಕ್ಕೆ ಓಡಿಸಿ ಮತ್ತೆ ನೋಡಿದೆ. ಏಳು ನಿಮಿಷ ಕೈಗಳು, ನಾಲ್ಕು ನಿಮಿಷ ಕತ್ತಲೆ. ಆ ನಾಲ್ಕು ನಿಮಿಷದಲ್ಲೇ ಕೂಸಿನ ಹಿಂದೆ ಬರುವ ಮಾಸು ಪೂರ್ತಿ ಬಿದ್ದಿದೆಯೇ, ತುಣುಕು ಒಳಗೆ ಉಳಿದಿದೆಯೇ ಎಂದು ಪರೀಕ್ಷಿಸಬೇಕು, ಹೊಟ್ಟೆಯ ಮೇಲೆ ಕೈಯಿಟ್ಟು ರಕ್ತ ನಿಲ್ಲುತ್ತಿದೆಯೇ ಎಂದು ನೋಡಬೇಕು. ತಾಯಂದಿರು ಸಾಯುವುದು ಆ ನಿಮಿಷಗಳಲ್ಲಿ. ಕೆಳಗೆ ನನ್ನ ಹೆಸರಿನ ಮುಂದೆ ಗಾಢ ಹಸಿರು ಗುರುತಿತ್ತು. ಅದನ್ನು ನಾನೇ ಒತ್ತಿದ್ದೆ. ಮಿಕ್ಕ ಇಬ್ಬರದ್ದೂ ಇದೆಯಲ್ಲ ಎಂದುಕೊಂಡು, ಬಸ್ಸಿಗೆ ಕಾಯುತ್ತ ಒತ್ತಿದ್ದು ನೆನಪಾಯಿತು.

ಮರುದಿನ ಮುಳಗುಂದಕ್ಕೆ ಹೋದೆ. ಅಲ್ಲಿ ಇಮಾಮ್‌ಸಾಬ್ ಕಾಕಾ ಇದ್ದಾರೆ, ಮೂವರಲ್ಲಿ ಎರಡನೆಯವರು. ಅವರು ನನಗೆ ಈ ಕೆಲಸ ಕಲಿಸಿದವರು, ನಗಿಸದೆ ಯಾರನ್ನೂ ಕಳಿಸದವರು. ಕತ್ತಲೆಯ ವಿಷಯ ಹೇಳಿದಾಗಲೂ ಅವರು ನಕ್ಕರು.

"ನಿನ್ನ ಗುರುತ ಇತ್ತಲ್ಲವಾ. ಕರಪತ್ರ ಬಾಯಿಪಾಠ ಮಾಡಿದ ಹುಡುಗಿ ನೋಡದ ಬಿಟ್ಟಾಳೇನು ಅಂತ ನಾ ಒತ್ತಿದೆ."

"ನಿಮ್ಮದ ಇತ್ತಂತ ನಾ ಒತ್ತೀನಿ ಕಾಕಾ."

ಅವರ ನಗು ನಿಂತಿತು. ಬೀದರಿನ ಮೂರನೆಯವರಿಗೆ ಅಲ್ಲಿಂದಲೇ ಕರೆ ಮಾಡಿದೆವು. ಅವರದೂ ಅದೇ ಉತ್ತರ. ನಾವು ಮೂವರೂ ನೋಡಿದ್ದು ಉಳಿದಿಬ್ಬರ ಗುರುತನ್ನು ಮಾತ್ರ; ಮೊದಲು ಒತ್ತಿದವರು ಕಂಡದ್ದು ಬರೀ ಮಸುಕನ್ನು. ಆ ವಿಡಿಯೋವನ್ನು ಭೂಮಿಯ ಮೇಲೆ ಯಾವ ಮನುಷ್ಯರೂ ನೋಡಿರಲಿಲ್ಲ.

ಕಾಕಾ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ಹೆರಿಗೆ ಆದ ಮೇಲೆ ಹೇಳಿದರಾಯಿತು ಎಂದರು. ಅವರ ಭಯ ನನಗೆ ಅರ್ಥವಾಗುತ್ತದೆ. ನಮ್ಮಲ್ಲಿ ಉದುರು ಎಂಬ ಕಾನೂನಿದೆ. ನೋಡದೆ ಒಂದು ಬಿಲ್ಲೆ ಕೊಟ್ಟೆನೆಂದು ನೋಡುಗರು ಒಪ್ಪಿಕೊಂಡರೆ, ಅವರು ಕೊಟ್ಟ ಎಲ್ಲ ಬಿಲ್ಲೆಗಳೂ ಅದೇ ಗಳಿಗೆಯಲ್ಲಿ ಉದುರುತ್ತವೆ. ಮತ್ತೆ ಪರೀಕ್ಷೆಯಾಗಲು ನಲವತ್ತು ದಿನ. ನಾನು ಕೊಟ್ಟವು ನಾನೂರ ಹನ್ನೆರಡು. ಅದರಲ್ಲಿ ಕಾಕಾನ ಸೊಸೆಯದು ಒಂದು. ಗದಗಿನಲ್ಲಿ ಹೆರಿಗೆ ಮಾಡಿಸುವ ಮೂವರದೂ ಸೇರಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಚಾಲಕಿಯ ಬೆನ್ನನ್ನೇ ನೋಡುತ್ತ ಕೂತೆ. ಇವಳ ಕೈಯನ್ನು ಯಾರು ನೋಡಿದರು? ರೈಲ್ವೆ ಸೇತುವೆ ದಾಟುವಾಗ, ಇದನ್ನು ಬೆಸೆದವರ ಕೈಯನ್ನು ಯಾರು ನೋಡಿದರು? ಮನೆಗೆ ಬಂದು ನಲ್ಲಿ ತಿರುಗಿಸಿ, ಲೋಟ ತುಂಬಿಸಿ, ಕುಡಿಯಲಾರದೆ ಚೆಲ್ಲಿದೆ. ಅಕ್ಕ ಕೂಸಿಗೆ ಕುಂಚಿಗೆ ಹೊಲಿಯುತ್ತ ಕೂತಿದ್ದಳು. ಯಾಕೆ ಮುಖ ಹಾಗಿದೆ ಎಂದು ಕೇಳಿದಳು. ಬಿಸಿಲು ಎಂದೆ.

ಮೂರನೆಯ ದಿನ ಸುಗಂಧಾಳ ಮನೆಗೆ ಹೋದೆ. ಅವಳು ಸುಳ್ಳುಗಾರ್ತಿಯಲ್ಲ, ಅದನ್ನು ಬರೆದಿಡಬೇಕು. ಕ್ಯಾಮೆರಾ ನಿಂತದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಎಲ್ಲವನ್ನೂ ಹೇಳಿದ ಮೇಲೆ ತನ್ನ ಕೈಗಳನ್ನು ನೋಡಿಕೊಂಡಳು.

"ಆ ಕಡೀ ಹೆಜ್ಜಿ ಸರಿ ಆತೋ ಇಲ್ಲೋ ಅಂತ ನನಗ ಅನುಮಾನ ಇತ್ರಿ ಅಕ್ಕಾರ. ಕೇಳಬೇಕು ಅಂತನೂ ಇದ್ದೆ. ಅಷ್ಟರಾಗ ಬಿಲ್ಲೆ ಬಂತು. ಹಂಗಾರ ಸರಿನ ಮಾಡೀನಿ ಅಂದ್ಕೊಂಡೆ."

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಈ ಮಾತು. ಬಿಲ್ಲೆ ನಮಗಷ್ಟೇ ಅಲ್ಲ, ಅವಳಿಗೂ ಸುಳ್ಳು ಹೇಳಿತ್ತು. ತನ್ನ ಕೈಯ ಬಗ್ಗೆ ಅವಳಿಗಿದ್ದ ಒಳ್ಳೆಯ ಅನುಮಾನವನ್ನು ನಾನು ಬೆರಳ ತುದಿಯಿಂದ ಅಳಿಸಿಹಾಕಿದ್ದೆ. ಈ ಎರಡು ವರ್ಷದಲ್ಲಿ ಎಷ್ಟು ಹೆರಿಗೆ ಮಾಡಿಸಿದೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅವಳೇ ಹೇಳಿದಳು, ಅರವತ್ತು. ಒಬ್ಬಾಕೆ ಮೂರನೆಯ ದಿನ ಜ್ವರ ಬಂದು ತೀರಿಹೋದಳಂತೆ. ಕಾರಣ ಯಾರೂ ಕೇಳಲಿಲ್ಲವಂತೆ, ಬಿಲ್ಲೆ ಇತ್ತಲ್ಲ.

ಬೆಟಗೇರಿಯಲ್ಲಿ ಶಿವಗಂಗವ್ವ ಎಂಬ ಮುದುಕಿ ಇದ್ದಾಳೆ. ಕ್ಯಾಮೆರಾ ಮುಂದೆ ಕೆಲಸ ಮಾಡುವುದಿಲ್ಲ ಎಂದು ಹಟ ಹಿಡಿದು ಬಿಲ್ಲೆ ಕಳೆದುಕೊಂಡವಳು. ಹಿಂದೊಮ್ಮೆ ಅವಳ ಅರ್ಜಿಯನ್ನು ತಿರಸ್ಕರಿಸಿದವಳೂ ನಾನೇ. ಸುಗಂಧಾಳನ್ನೂ ಗೊಂಬೆತಾಯಿಯನ್ನೂ ಕರೆದುಕೊಂಡು ಅವಳ ಮನೆಗೆ ಹೋದೆ. ಅಡುಗೆಮನೆಯ ನೆಲದ ಮೇಲೆ ಸುಗಂಧಾ ಆ ನಾಲ್ಕು ನಿಮಿಷದ ಕೆಲಸ ಮಾಡಿ ತೋರಿಸಿದಳು. ಮುದುಕಿ ಬಗ್ಗಿ ನೋಡಿದಳು. ಮಾಸು ಬಿಡಿಸಿ ನೋಡದೆ ಸುಗಂಧಾ ಅದನ್ನು ಬಟ್ಟಲಿಗೆ ಹಾಕಿದ್ದಳು.

"ಈ ಗೊಂಬಿ ಸಾಯಂಗಿಲ್ಲ," ಎಂದಳು ಶಿವಗಂಗವ್ವ, "ಅದಕ ನಿಮಗ ಅಂಜಿಕಿ ಇಲ್ಲ. ಮತ್ತ ಮಾಡು."

ಐದು ದಿನ ಅದೇ ನಡೆಯಿತು. ನಾನು ಬಿಲ್ಲೆ ಕೊಟ್ಟ ಉಳಿದಿಬ್ಬರು ಸೂಲಗಿತ್ತಿಯರನ್ನೂ ಕರೆದೆ. ಒಬ್ಬಳು ಬಂದಳು, ಇನ್ನೊಬ್ಬಳು ನನ್ನ ಮುಖಕ್ಕೆ ಬಾಗಿಲು ಹಾಕಿದಳು. ಸುಗಂಧಾಳ ಕೈ ಈಗ ತಪ್ಪುವುದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಅಕ್ಕ ಒಬ್ಬಳ ಮಟ್ಟಿಗಾದರೆ ಸುಮ್ಮನಿರಬಹುದು. ಹಾಗೆ ಸುಮ್ಮನಿರಲು ಎಷ್ಟು ಆಸೆಯಾಯಿತೆಂದು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಆದರೆ ಇದೇ ವಾರ ಊರಿನಲ್ಲಿ ಇನ್ನೂ ಆರು ಬಸುರಿಯರ ದಿನ ಇವೆ. ಬಾಗಿಲು ಹಾಕಿದವಳ ಪಾಲಿಗೆ ಅವರಲ್ಲಿ ಇಬ್ಬರು ಬಂದಿದ್ದಾರೆ. ಅವಳ ವಿಡಿಯೋವನ್ನೂ ಈಗ ನೋಡಿದೆ. ಅದರಲ್ಲಿ ಕಂಡದ್ದನ್ನು ಹೇಳಲಾರೆ.

ನಾನು ಒಪ್ಪಿಕೊಂಡರೆ ಹೆರಿಗೆ ಕೋಣೆಯ ಬಾಗಿಲು ಸುಗಂಧಾಳಿಗೂ ತೆರೆಯುವುದಿಲ್ಲ. ಬಿಲ್ಲೆ ಉದುರಿದ ಊರಿಗೆ ಬೇರೆಡೆಯಿಂದ ಜನ ಕಳಿಸಬೇಕೆಂದು ಕಾನೂನಿನಲ್ಲಿದೆ. ಎಷ್ಟು ದಿನದೊಳಗೆ ಎಂದು ಅದರಲ್ಲಿ ಬರೆದಿಲ್ಲ. ಅಷ್ಟರವರೆಗೆ ಶಿವಗಂಗವ್ವನ ಪಡಸಾಲೆಯೇ ಹೆರಿಗೆಮನೆ. ಅದು ಅಪರಾಧ. ಸುಗಂಧಾಳೂ ನಾನೂ ಆರೂ ಮನೆಗಳಿಗೆ ನಡೆದುಹೋಗಿ ವಿಷಯ ಹೇಳಿಬಂದೆವು. ನಾಲ್ವರು ಬರುತ್ತೇವೆಂದರು. ಒಂದು ಮನೆಯಲ್ಲಿ ನನ್ನ ಮೇಲೆ ಉಗುಳಿದರು. ಒರೆಸಿಕೊಂಡೆ. ಅವರು ಉಗುಳಿದ್ದು ಸರಿಯಾಗಿಯೇ ಇತ್ತು.

ಇವತ್ತು ಬೆಳಿಗ್ಗೆ ಅಕ್ಕನ ಮುಂದೆ ಕೂತು, ಮೊದಲಿನಿಂದ ಎಲ್ಲವನ್ನೂ ಹೇಳಿದೆ. ಬಸ್ಸಿಗೆ ಕಾಯುತ್ತ ಒತ್ತಿದ್ದನ್ನೂ ಬಿಡಲಿಲ್ಲ. ಅವಳು ಸೂಜಿ ಕೆಳಗಿಟ್ಟಳು. ಬೈಯಲಿಲ್ಲ. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಅಂಥ ಹೆದರಿಕೆಯನ್ನು ಇಪ್ಪತ್ತಮೂರು ವರ್ಷದಲ್ಲಿ ನಾನು ಕಂಡಿರಲಿಲ್ಲ.

"ಈ ಸಲ ನೋಡ್ತಿ ಏನು ಚೆನ್ನೀ?"

"ಕೊನೀತನಾ ನೋಡ್ತೀನಿ ಅಕ್ಕಾ."

ನೋಡುಗರೇ, ನಿಮ್ಮನ್ನು ಇಷ್ಟೇ ಬೇಡುತ್ತೇನೆ. ಈ ಹೊತ್ತಿಗೆ ನಿಮ್ಮ ಮುಂದೆಯೂ ಯಾರದೋ ಕೈಗಳ ವಿಡಿಯೋ ತೆರೆದಿರಬಹುದು. ನಿಮ್ಮ ಬಳಗದಲ್ಲಿ ಸಮಯ ಉಳಿಸುವ ಮಾತು ಈಗಾಗಲೇ ಯಾರೋ ಎತ್ತಿರಬಹುದು. ಅವರು ಒಳ್ಳೆಯವರೇ ಇರುತ್ತಾರೆ, ನಗುನಗುತ್ತಲೇ ಹೇಳುತ್ತಾರೆ. ಒಪ್ಪಬೇಡಿ. ಬೇರೆಯವರ ಗುರುತು ನೋಡಿ ನಿಮ್ಮ ಗುರುತು ಹಾಕಬೇಡಿ. ಹೊಲಿಗೆಯೋ ಅಡುಗೆಯೋ ಲೆಕ್ಕವೋ, ಚಿಕ್ಕದೆನ್ನಿಸಿದರೂ ಕೊನೆಯ ನಿಮಿಷದವರೆಗೆ ನೋಡಿ. ಕಾಣದಿದ್ದರೆ ಕಾಣಲಿಲ್ಲ ಎಂದು ಬರೆಯಿರಿ. ಅಂಗಿಯ ಗುಂಡಿಗೆ ನೀವು ಬರೆದಿರಿ, ಅದನ್ನು ಓದಿದ್ದರಿಂದಲೇ ನನಗೆ ಇಷ್ಟಾದರೂ ಸಾಧ್ಯವಾಯಿತು.

ಇದನ್ನು ನಿಮ್ಮ ಪೆಟ್ಟಿಗೆಗೆ ಹಾಕಿ, ನನ್ನ ತಪ್ಪೊಪ್ಪಿಗೆಯ ಗುಂಡಿ ಒತ್ತುತ್ತೇನೆ. ನಾನೂರ ಹನ್ನೆರಡು ಕೈಗಳು ಒಟ್ಟಿಗೆ ನಿಲ್ಲುತ್ತವೆ. ಎಲ್ಲಿಯೋ ಒಂದು ಬಸ್ಸು ನಡುದಾರಿಯಲ್ಲಿ ನಿಲ್ಲಬಹುದು, ನನ್ನ ಬಾಗಿಲಿಗೆ ಕಲ್ಲು ಬೀಳಬಹುದು. ಮುಂದೆ ನಾನು ನೋಡುಗರಲ್ಲಿ ಒಬ್ಬಳಾಗಿರುವುದಿಲ್ಲ.

ಮೂರು ದಿನದ ನಂತರ ಶಿವಗಂಗವ್ವನ ಪಡಸಾಲೆಯಲ್ಲಿ, ಸುಗಂಧಾಳ ಮಗ್ಗುಲಲ್ಲಿ ಮೊಣಕಾಲೂರಿ ಕೂತಿರುತ್ತೇನೆ. ಕೂಸು ಅತ್ತಾಗ ಎಲ್ಲರೂ ಅದರ ಕಡೆ ತಿರುಗುತ್ತಾರೆ. ನಾನು ತಿರುಗುವುದಿಲ್ಲ. ಇನ್ನೂ ನಾಲ್ಕು ನಿಮಿಷ ಇರುತ್ತವೆ.

ಚೆನ್ನಾಜಿ