ದ್ವೀಪದ ಹಿಂದಿನ ನೀರು

ನವೆಂಬರ್ ೧೮, ಮಂಗಳವಾರ

ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ಬರೆದರೆ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ. ನಿನ್ನೆ ಸಂಜೆ ದ್ವೀಪದ ಹತ್ತಿರ ಭರತನ ದೋಣಿ ಮಗುಚಿದೆ. ಜೊತೆಗಿದ್ದವರು ಈಜಿ ಬಂಡೆ ಹತ್ತಿದರು. ಅವನು ಮಾತ್ರ ಸಿಕ್ಕಿಲ್ಲ. ಕಡಲ ಹರಿವು ಅಳೆಯುವ ನಮ್ಮ ಲ್ಯಾಬಿನ ಸಹಾಯಕಿ ರೂಪಾಲಿಯ ಗಂಡ.

ರೂಪಾಲಿ ಎಂದಿನಂತೆ ಬಂದಳು. ಟ್ಯಾಂಕ್ ತೊಳೆದು ನೀರು ತುಂಬಿಸಿದಳು. ಆ ದ್ವೀಪದ ಸಿಮೆಂಟಿನ ಪುಟ್ಟ ಮಾದರಿಯನ್ನು ಅದರ ಜಾಗದಲ್ಲಿಟ್ಟಳು.

"ಬಣ್ಣ ಬಿಡಿ ಅಕ್ಕೋರೆ. ಎತ್ಲಾಗೆ ಹೋಗ್ತದೆ ನೋಡ್ವಾ."

ಬಿಟ್ಟೆ. ಕೆಂಪು ಗೆರೆ ದ್ವೀಪ ದಾಟಿ ದಡದ ಕಡೆ ಸುಳಿಯಿತು. ಮತ್ತೆ ಬಿಟ್ಟೆ — ಈ ಸಲ ಹೊರಗಡಲಿನ ಕಡೆ ಹೋಯಿತು. ಯಾವಾಗಲೂ ಹೀಗೇ. ದ್ವೀಪದ ಬೆನ್ನಿಂದ ಸುಳಿಗಳು ಒಂದು ಆ ಕಡೆ, ಒಂದು ಈ ಕಡೆ ಕಳಚಿಕೊಳ್ಳುತ್ತವೆ. ಅದನ್ನು ನೋಡುತ್ತ ಇಷ್ಟು ವರ್ಷ ಖುಷಿಪಟ್ಟವಳು ನಾನು.

ಬೈತಖೋಲ ಬಂದರಿನಿಂದ ಅವಳ ಭಾವ ಜಟ್ಟು ಬಂದ. "ತೊಟ್ಟಿ ನೀರಲ್ಲಿ ಆಟ ಆಡ್ತ್ರಿ ಹೇಳಿ ನಗಾಡ್ತಿದ್ದೆ. ಈಗ ಅದೇ ಬೇಕಾಯ್ತು. ಕತ್ಲಾಗೂದ್ರೊಳಗೆ ಒಂದೇ ಕಡೆ ಹುಡುಕೂಕಾಗ್ತದೆ. ಎಲ್ಲಿ ಹೇಳಿ ಅಕ್ಕೋರೆ."

ನಕಾಶೆಯಲ್ಲಿ ಒಂದು ಜಾಗ ಗುರುತಿಸಿಕೊಟ್ಟೆ.

ನವೆಂಬರ್ ೧೯, ಮಧ್ಯಾಹ್ನ

ಏನೂ ಸಿಕ್ಕಿಲ್ಲ. ಜಟ್ಟು ಮತ್ತೆ ಅಲ್ಲಿಗೇ ಹೋಗಿದ್ದಾನೆ.

ಊಟಕ್ಕೆ ಕುಳಿತಾಗ ಹೊಳೆಯಿತು. ನಾನು ಕೊಟ್ಟದ್ದು ಎಲ್ಲ ಪ್ರಯೋಗಗಳ ಸರಾಸರಿ. ವರದಿಗೆ ಅದನ್ನೇ ಕೊಡುವುದು ನಮ್ಮ ರೂಢಿ. ಕೈ ತಾನಾಗಿ ಅಲ್ಲಿಗೇ ಹೋಯಿತು. ಆ ಕಡೆಯದೂ ಈ ಕಡೆಯದೂ ಕೂಡಿಸಿದರೆ ದ್ವೀಪದ ನೇರ ಹಿಂದೆ, ನಡುವೆ ಬರುತ್ತದೆ. ಬಣ್ಣ ಅಲ್ಲಿ ಒಮ್ಮೆಯೂ ನಿಂತದ್ದಿಲ್ಲ.

ಜಟ್ಟುಗೆ ಫೋನ್ ಮಾಡಿದೆ. ಕಡಲಲ್ಲಿ ರೇಂಜ್ ಇಲ್ಲ. ಸಿಕ್ಕಿದ್ದರೂ ಯಾವ ಕಡೆ ಹೋಗು ಎನ್ನುತ್ತಿದ್ದೆ?

ನವೆಂಬರ್ ೨೨

ಅಂಕೋಲಾ ಕಡೆ, ಹಾರವಾಡದ ದಡಕ್ಕೆ ಭರತನ ಹೆಣ ಬಂದಿದೆ. ಮಣಿಕಟ್ಟಿಗೆ ಖಾಲಿ ಕ್ಯಾನಿನ ಹಗ್ಗ ಸುತ್ತಿಕೊಂಡಿದ್ದನಂತೆ. ಅಂದರೆ ಸ್ವಲ್ಪ ಹೊತ್ತಾದರೂ ತೇಲುತ್ತ ಬದುಕಿದ್ದ... ಎಷ್ಟು ಹೊತ್ತು, ಯಾರೂ ಹೇಳಲಾರರು.

ನವೆಂಬರ್ ೨೯, ಶನಿವಾರ

ಜಟ್ಟು ಕಡಲಿಗೆ ಇಳಿಯುತ್ತಿಲ್ಲ. "ಅಕ್ಕೋರು ಸಮಾ ಹೇಳಿದ್ರು, ನಾನೇ ದಿಕ್ಕು ತಪ್ಪಿಸ್ಕಂಡೆ" ಎಂದು ಸಿಕ್ಕವರಿಗೆಲ್ಲ ಹೇಳುತ್ತಾನಂತೆ. ಅಂಕೋಲೆಯ ತವರಿನಿಂದ ರೂಪಾಲಿ ಫೋನ್ ಮಾಡಿದ್ದಳು.

"ಭಾವನ ಮೇಲೆ ಸಿಟ್ಟಿಲ್ಲ ಹೇಳೂಕೆ ಬಾಯಿ ಬರೂದಿಲ್ಲ ಅಕ್ಕೋರೆ."

ಹೂಂ ಎಂದೆ. ಬರೀ ಹೂಂ!

ಕುಳಿತು ಪತ್ರ ಬರೆದೆ, ಇಬ್ಬರಿಗೂ. ತಪ್ಪು ಜಾಗ ತೋರಿಸಿದವಳು ನಾನು, ದಿಕ್ಕು ತಪ್ಪಿದ್ದು ಜಟ್ಟು ಅಲ್ಲ. ದಡದ ಕಡೆ ಎಂದಿದ್ದರೆ ಭರತ ಸಿಗುತ್ತಿದ್ದನೇ? ಗೊತ್ತಿಲ್ಲ — ಅದನ್ನೂ ಬರೆದೆ. ಓದಿ ಅವರು ಏನು ಮಾಡಬೇಕು? ಅದೂ ಗೊತ್ತಿಲ್ಲ. ನಾಳೆ ಭಾನುವಾರ. ಸೋಮವಾರ, ಡಿಸೆಂಬರ್ ೧ಕ್ಕೆ ಪೋಸ್ಟ್ ಮಾಡಬೇಕು.