ಗೇಟಿನ ಒಳಗೆ

ಜನವರಿ ೬, ಮಂಗಳವಾರ

ಮತ್ತೆ ಅದೇ ಪುಟ. 'ಪರಿಚಯ'. ನಮ್ಮ ವಿಶ್ವವಿದ್ಯಾಲಯದಲ್ಲಿ ಎಷ್ಟು ವಿಭಾಗ, ಏನೇನು ಸಂಶೋಧನೆ... ಎಲ್ಲ ಕನ್ನಡಕ್ಕೆ ತರಬೇಕು. ಕೇಂದ್ರ ಸರ್ಕಾರದ ಸಂಸ್ಥೆ. ಇಂಗ್ಲಿಷಿನಲ್ಲಿ ಚೆನ್ನಾಗಿಯೇ ಇದೆ. ನನ್ನ ಕನ್ನಡ ಗೆಜೆಟ್ ಓದಿದ ಹಾಗಿದೆ. 'ಬಹುಶಿಸ್ತೀಯ' ಅಂತ ಬರೆದೆ. ಹೊಡೆದುಹಾಕಿದೆ. ಕಿಟಕಿಯಲ್ಲಿ ಗುಡ್ಡದ ಗಾಳಿಯಂತ್ರಗಳು. ಮೂರೇ ತಿಂಗಳ ಗುತ್ತಿಗೆ ಕೆಲಸ. ಇಷ್ಟವಾಗಿದೆ, ಅದೇ ಭಯ.

ಜನವರಿ ೧೨

ಪಿಆರ್‌ಓ ವಿನೋದ್ ಸರ್ ಬಂದು ನಿಂತರು. ೨೪ಕ್ಕೆ ಓಪನ್ ಡೇ, ಸುತ್ತಲ ಹಳ್ಳಿಯವರು ಬರುತ್ತಾರೆ.

"ಪರಿಚಯ ನೀವೇ ಹೇಳ್ಬೇಕು. ವಿಸಿ ಮೇಡಂಗೆ ಕನ್ನಡ ಬರಲ್ಲ, ಜನ ಕೇಳಿದ್ದನ್ನೂ ನೀವೇ ಇಂಗ್ಲಿಷಲ್ಲಿ ಹೇಳ್ರಿ. ಚೆನ್ನಾಗಾದ್ರೆ ಕೆಲಸ ಮುಂದುವರಿಸೋಕೆ ನಾನೇ ಬರೀತೀನಿ."

ತಲೆಯಾಡಿಸಿದೆ. ಯಾಕೋ! ಎಂ.ಎ. ಸೆಮಿನಾರಿನ ದಿನ ಜ್ವರ ಬರಿಸಿಕೊಂಡವಳು ನಾನು.

ಜನವರಿ ೨೪, ಸಂಜೆ

ಮುಗಿಯಿತು.

ಆಡಿಟೋರಿಯಂನ ಎಸಿ ತಾಕಿದ್ದೇ ಜನ ಎದ್ದರು. "ಏನ್ ಚಳಿರೀ! ಹೊರಗೆ ಕುಂತ್ಕಳಾಣ ಬರ್ರಿ," ಎಂದು ಹೊರಡಿಸಿದ್ದು ಕುರಿ ಕಾಯುವ ಪಾಲಮ್ಮ. ಎಲ್ಲರೂ ಬೇವಿನ ಮರದಡಿ. ವಿಸಿ ಮೇಡಂ ಕೂಡ ನೆಲದಲ್ಲೇ.

ಎರಡು ಸಾಲು ಓದಿದೆ. ಮುಂದೆ ಕೂತ ರೈತ ಮಂಜಣ್ಣ ಆಕಳಿಸಿದರು. ಕಾಗದ ಮಡಚಿದೆ.

"ಇಲ್ಲಿ ದೇಶದ ಎಲ್ಲ ಕಡೆ ಹುಡುಗರು ಓದ್ತಾರೆ. ಕೆಲವರು ಮಣ್ಣು ಪರೀಕ್ಷೆ ಮಾಡ್ತಾರೆ, ಕೆಲವರು ನಕ್ಷತ್ರ ನೋಡ್ತಾರೆ..."

"ನಾವೂ ದಿನಾ ನೋಡ್ತೀವಲ್ಲವ್ವ, ನಮಗೂ ಸಂಬಳ ಕೊಡಿಸ್ರಿ," ಮಂಜಣ್ಣ. ನಗು.

ಪಾಲಮ್ಮ ನಗಲಿಲ್ಲ. "ಇದನ್ನ ನಡೆಸೋ ದುಡ್ಡು ಯಾರ್ದವ್ವ?"

"ಸರ್ಕಾರದ್ದು. ಅಂದ್ರೆ ಜನರದ್ದು."

"ನಂದೂ ಐತಾ?"

"ಐತೆ." ನನ್ನ ಬಾಯಲ್ಲೂ ಐತೆ!

"ಹಂಗಾರೆ ಗೇಟಿನಾಗೆ ಯಾಕೆ ತಡೀತಾರೆ? ಮಳೆ ಹೊಯ್ದ್ರೂ ಒಳಗೆ ನಿಲ್ಲಕ್ಕೆ ಬಿಡಲ್ಲ."

ಮೇಡಂ ನನ್ನ ಮುಖ ನೋಡಿದರು. "ಕ್ಯಾಂಪಸ್ ಚೆನ್ನಾಗಿದೆ ಅಂದ್ರು ಅಂತ ಹೇಳಿಬಿಡಿ," ಕಿವಿಯ ಹತ್ತಿರ ವಿನೋದ್ ಸರ್. ಹೇಳಿಬಿಡಬಹುದಿತ್ತು. ಪಾಲಮ್ಮ ಕೇಳಿದ್ದನ್ನೇ ಇಂಗ್ಲಿಷಲ್ಲಿ ಹೇಳಿದೆ, ಮಳೆಯನ್ನೂ ಬಿಡದೆ.

ಮೇಡಂ ವಿನೋದ್ ಸರ್ ಕಡೆ ತಿರುಗಿ ಕಾರಣ ಕೇಳಿದರು. ಸೆಕ್ಯುರಿಟಿ, ಅಂದರು ಅವರು. ಮೇಡಂ ನನಗೆ ಹೇಳಿದರು, ನಾನು ಜನಕ್ಕೆ ಹೇಳಿದೆ: ಮುಂದಿನ ಭಾನುವಾರದಿಂದ ಗೇಟು ತೆಗೆದಿರುತ್ತದೆ, ಲೈಬ್ರರಿಯೂ. ದನಿ ನಡುಗಲಿಲ್ಲ.

ಆಮೇಲೆ ವಿನೋದ್ ಸರ್ ನನ್ನನ್ನು ಮಾತಾಡಿಸಲಿಲ್ಲ. ಕೆಲಸ ಹೋಯಿತೇನೋ. ಆದರೂ ಎರಡು ಮುದ್ದೆ ಉಂಡೆ.

ಫೆಬ್ರವರಿ ೧, ಭಾನುವಾರ

ಗೇಟಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ನಿನ್ನೆ ವಿನೋದ್ ಸರ್ ಕೆಲಸ ಮುಂದುವರಿಸುವ ಆರ್ಡರ್ ಕೊಟ್ಟರು. "ಇನ್ನೊಂದು ವರ್ಷ. ಭಾನುವಾರದ ಡ್ಯೂಟೀನೂ ನಿಮ್ದೇ. ನೀವೇ ತಂದ್ಕಂಡಿದ್ದಲ್ವಾ?" ಕೊನೆಗೆ ನಕ್ಕರು.

ಬೆಳಗ್ಗೆಯಿಂದ ಯಾರೂ ಇಲ್ಲ. "ಯಾರ್ ಬರ್ತಾರೆ ಮೇಡಂ, ಸುಮ್ನೆ ಬಿಸಿಲು ಕಾಯ್ತೀರಿ," ಗಾರ್ಡ್ ದುರ್ಗೇಶ್.

ರಸ್ತೆಯಲ್ಲಿ ಧೂಳು... ಪಾಲಮ್ಮ! ಜೊತೆಗೆ ಸೊಸೆ, ನಾಲ್ಕೈದು ಹೆಂಗಸರು, ಬುತ್ತಿ ಗಂಟು. ಅವರ ಹಿಂದೆ — ಅಯ್ಯೋ, ಇಡೀ ಕುರಿಮಂದೆ.

"ಕುರಿಗೂ ಗೇಟ್ ತೆಗೀಬೇಕಾ ಮೇಡಂ?"

"ತೆಗೀರಿ," ಅಂದುಬಿಟ್ಟೆ. ಲೈಬ್ರರಿಗೆ ಮಾತ್ರ ಕುರಿ ನುಗ್ಗದ ಹಾಗೆ ಬಾಗಿಲಿಗೆ ನಾನೇ ಅಡ್ಡ ನಿಲ್ಲಬೇಕು, ಓಡಿದೆ—