ನೀಲಿ ನೀರಿನ ವಾರಸುದಾರರಿಗೆ

ಮಳೆನೀರು ಮತ್ತು ಚರಂಡಿ ವಿಭಾಗದ ಮುಖ್ಯಾಧಿಕಾರಿಗಳೇ,

ತಮ್ಮ ಕಚೇರಿಯ ಹೊಸ ಪಾರ್ಕಿಂಗ್ ಅಂಗಳದಿಂದ ಇಳಿಯುವ ಮಳೆನೀರು ನನ್ನ ಅಕ್ಕನ ಕೋಣೆಗೆ ನುಗ್ಗುತ್ತಿದೆ. ಅದನ್ನು ತಡೆಯಲು ನಾನೇ ನನ್ನ ಖರ್ಚಿನಲ್ಲಿ ಚರಂಡಿ ತೋಡಿಸಿ, ಬಾಗಿಲಿಗೆ ಮೊಳಕಾಲೆತ್ತರದ ಹೊಸ್ತಿಲು ಕಟ್ಟಿಸಬೇಕೆಂದು ತಾವು ಆದೇಶ ಕಳಿಸಿದ್ದೀರಿ. ಸಹಿ ಹಾಕುವ ಮುಂಚೆ ಆ ಬಾಗಿಲನ್ನು ಒಮ್ಮೆಯಾದರೂ ನೋಡಿದ್ದಿರಾ?

ಅಲ್ಲಿ ಹೊಸ್ತಿಲಿಲ್ಲ. ಇತ್ತು, ನಾನೇ ಕೀಳಿಸಿದೆ. ಅಕ್ಕನಿಗೆ ಕಾಲಿನ ಸ್ವಾಧೀನ ತಪ್ಪಿ ಗಾಲಿಕುರ್ಚಿ ಬಂದಮೇಲೆ ಬಡಗಿಯನ್ನು ಕರೆಸಿ ಹೊಸ್ತಿಲು ತೆಗೆಸಿ, ನೆಲವನ್ನು ಬೀದಿಯ ಮಟ್ಟಕ್ಕೆ ಸಮ ಮಾಡಿಸಿದೆ. ಈಗ ಆಕೆ ಯಾರನ್ನೂ ಕೂಗದೆ ಹೊರಗೆ ಬರುತ್ತಾಳೆ, ಎದುರುಮನೆಯವರ ಜೊತೆ ಮನಸಾರೆ ಜಗಳವಾಡಿ ತಾನೇ ಒಳಗೆ ಹೋಗುತ್ತಾಳೆ. ತಮ್ಮ ಆದೇಶವೋ, 'ಹೊಸ್ತಿಲು ತೆಗೆದಿದ್ದರಿಂದಲೇ ನೀರಿಗೆ ಪ್ರವೇಶ ದೊರೆತಿದೆ' ಎನ್ನುತ್ತದೆ. ಅಂದರೆ ನಾವು ಬಾಗಿಲು ತೆರೆದು ಕರೆದೆವು, ನೀರು ಮರ್ಯಾದೆಗಾಗಿ ಬಂದು ಹೋಯಿತು ಎಂದಾಯಿತು.

ಆ ಅಂಗಳದಲ್ಲಿ ಮೊದಲು ಮಣ್ಣಿತ್ತು, ಮರಗಳಿದ್ದವು, ಬಿದ್ದ ಮಳೆ ಅಲ್ಲೇ ಇಂಗುತ್ತಿತ್ತು. ಈಗ ಗೋಡೆಯಿಂದ ಗೋಡೆಗೆ ಸಿಮೆಂಟು. ಸಿಮೆಂಟಿನ ಇಳಿಜಾರು ಮುಂದಿನ ದೊಡ್ಡ ರಸ್ತೆಯ ಕಡೆಗಿಲ್ಲ, ಹಿಂದಿರುವ ನಮ್ಮ ಕೆಳಬೀದಿಯ ಕಡೆಗಿದೆ. ಸುತ್ತಲಿನ ಕಟ್ಟೆಯಲ್ಲಿ ಒಂದೇ ಒಂದು ಕಂಡಿ, ಅದೂ ನಮ್ಮ ಕಡೆಗೇ. ಇದೆಲ್ಲ ತಾನಾಗಿಯೇ ಹೀಗಾಯಿತೆಂದು ನಾನು ನಂಬಬೇಕೇ? ನಾನು ಅನುಮಾನದ ಹೆಂಗಸು, ಒಪ್ಪುತ್ತೇನೆ. ಲಾಂಡ್ರಿ ನಡೆಸುವವಳು, ಜೇಬು ತಡಕದೆ ಬಟ್ಟೆ ನೆನೆಸಿದವಳಲ್ಲ.

ತಮ್ಮ ಇಂಜಿನಿಯರು 'ಭಾರಿ ಮಳೆಯಲ್ಲಿ ಖುದ್ದು ನಿಂತು ಪರಿಶೀಲಿಸಲಾಗಿದೆ' ಎಂದು ವರದಿ ಬರೆದಿದ್ದಾರೆ. ಅವರ ಪ್ಯಾಂಟುಗಳು ಒಗೆಯಲು ನನ್ನ ಅಂಗಡಿಗೇ ಬರುತ್ತವೆ, ಸ್ವಾಮಿ. ಈ ಮಳೆಗಾಲವಿಡೀ ಒಂದರ ಅಂಚಿನಲ್ಲೂ ಕೆಸರಿನ ಚುಕ್ಕೆ ಕಾಣಲಿಲ್ಲ. ಚಹಾದ ಕಲೆ ಧಾರಾಳವಾಗಿತ್ತು. ಅವರು ನಮ್ಮ ಬಾಗಿಲಿಗೆ ಬಂದದ್ದು ಒಮ್ಮೆ, ರಣಬಿಸಿಲಿನಲ್ಲಿ.

"ನೀರಿಗೆ ಗುರುತಿರಲ್ಲ ಮೇಡಂ," ಎಂದರು. "ಆಕಾಶದಿಂದ ಬಿದ್ದಿದ್ದು. ನಮ್ಮದೇ ಅಂತ ಹೇಗೆ ಹೇಳ್ತೀರಾ?"

ಅವರು ಬೀದಿಯ ತಿರುವು ದಾಟಿದ ಮೇಲೆ ಅಕ್ಕ ಒಳಗಿಂದ ಹೇಳಿದಳು: "ಗುರುತು ಬೇಕಂತೆ ಕಣೇ. ಹಾಕಿ ಕೊಡು."

ಬಿಳಿ ಬಟ್ಟೆಗೆ ಹಾಕುವ ನೀಲಿ ನನ್ನಲ್ಲಿ ಡಬ್ಬಗಟ್ಟಲೆ ಇರುತ್ತದೆ. ಮೋಡ ಕವಿದ ಒಂದು ಮಧ್ಯಾಹ್ನ ಹೋಗಿ ತಮ್ಮ ಅಂಗಳಕ್ಕೆ ಚೆಲ್ಲಿದೆ.

"ಏನಮ್ಮ ಅದು?" ಎಂದ ಕಾವಲುಗಾರ.

"ಬಟ್ಟೆಗೆ ಹಾಕೋ ನೀಲಿ."

"ಇಲ್ಲಿ ಬಟ್ಟೆ ಎಲ್ಲಿದೆ?"

"ಬರುತ್ತೆ ಇರಿ, ಎಲ್ಲರ ಬಣ್ಣಾನೂ ಹೊರಗೆ ಬರುತ್ತೆ," ಎಂದೆ. ಆತ ಕುರ್ಚಿಯನ್ನು ಸೂರಿನ ಕೆಳಗೆ ಎಳೆದುಕೊಂಡು ಕೂತ.

ಮಳೆ ಹಿಡಿಯಿತು. ನೀಲಿ ನೀರು ಆ ಕಂಡಿಯಿಂದ ಹೊರಬಿದ್ದು, ಬೀದಿ ಇಳಿದು, ಬೇರೆಲ್ಲೂ ದಾರಿ ತಪ್ಪದೆ ಅಕ್ಕನ ಕೋಣೆಗೆ ಬಂತು. "ಬಂದ್ರು ನೋಡೇ ನೆಂಟರು," ಎಂದು ಆಕೆ ಮೊದಲು ನಕ್ಕಳು. ನೀರು ಕುರ್ಚಿಯ ಕಾಲುಮಣೆಗೆ ಏರಿದಾಗ ನಗು ನಿಂತಿತು. ತನ್ನ ಕಾಲನ್ನು ತಾನೇ ಎತ್ತಿಕೊಳ್ಳಲಾರದವಳು, ಪಾದ ಮುಳುಗುವುದನ್ನು ನೋಡುತ್ತ ಕೂತಿದ್ದಳು. ನಾನೂ ಪಕ್ಕದ ಸೈಕಲ್ ಅಂಗಡಿಯವನೂ ಸೇರಿ ಎತ್ತಿ ನನ್ನ ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ ಕೂರಿಸಿದೆವು. ಇಡೀ ಬೀದಿಯ ಬಾಯಿ ಮುಚ್ಚಿಸುವ ನನ್ನ ಅಕ್ಕ ಅಲ್ಲಿ ಕೂತು ಅತ್ತಳು.

"ಹೊಸ್ತಿಲು ಹಾಕಿಸಿಬಿಡೇ," ಎಂದಳು. "ನಾನು ಒಳಗೇ ಇದ್ದುಬಿಡ್ತೀನಿ."

ನೀರನ್ನು ಬಳಿದು ಹಾಕಿದೆ. ಆ ಮಾತನ್ನು ಮಾತ್ರ ಬಳಿದು ಹಾಕಲಾಗಲಿಲ್ಲ.

ಇಷ್ಟಾದ ಮೇಲೆ ತಮ್ಮ ಎರಡನೆಯ ಪತ್ರ ಬಂತು. 'ಕಚೇರಿಗೆ ಸೇರಿದ ಮಳೆನೀರಿಗೆ ಬಣ್ಣ ಬೆರೆಸಿ, ಅದು ಕೆಳಬೀದಿಯವರೆಗೂ ಹರಡಲು ಕಾರಣರಾದ' ತಪ್ಪಿಗೆ ನನಗೆ ದಂಡವಂತೆ. ಓದಿ ಕಣ್ಣುಜ್ಜಿಕೊಂಡೆ. ಇಷ್ಟು ದಿನ ಆಕಾಶದ್ದಾಗಿದ್ದ ನೀರು ಕಚೇರಿಗೆ ಸೇರಿದ್ದು ಯಾವಾಗ? ಅಕ್ಕನ ಪಾದ ಮುಳುಗಿಸುವಾಗ ದಿಕ್ಕಿಲ್ಲದ ನೀರು, ದಂಡ ವಸೂಲಿಗೆ ನಿಂತೊಡನೆ ತಮ್ಮ ಸ್ವಂತದ್ದಾಯಿತೇ? ಬಣ್ಣವಿಲ್ಲದ್ದು ನಮ್ಮ ಪಾಲಿಗೆ, ಬಣ್ಣದ್ದು ತಮ್ಮ ಪಾಲಿಗೆ ಎಂದು ಹಂಚಿಕೆ ಮಾಡಿದವರು ಯಾರು? ತಮ್ಮ ಗುಮಾಸ್ತರು ಬರೆದದ್ದನ್ನು ತಾವು ಓದದೆ ಸಹಿ ಹಾಕಿದಿರೆಂದು ನನ್ನ ಅನುಮಾನ. ಓದಿಯೇ ಹಾಕಿದ್ದರೆ, ನಿಜ ಒಪ್ಪಿದ್ದಕ್ಕೆ ಧನ್ಯವಾದ.

ಬೆರೆಸಿದ್ದು ನಾನೇ, ದಂಡ ಕಟ್ಟುತ್ತೇನೆ. ರಸೀದಿಯ ಮೇಲೂ 'ಕಚೇರಿಗೆ ಸೇರಿದ ಮಳೆನೀರು' ಎಂಬ ಮಾತನ್ನು ಹಾಗೆಯೇ ಬರೆದುಕೊಡಿ. ಬಳಿಕ ತಮ್ಮ ನೀರಿಗೆ ತಮ್ಮ ಅಂಗಳದಲ್ಲೇ, ತಮ್ಮ ಖರ್ಚಿನಲ್ಲೇ ಚರಂಡಿ ತೋಡಿಸಿ, ಆ ಕಂಡಿ ಮುಚ್ಚಿಸಿ. ಹೊಸ್ತಿಲಿನ ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳಿ.

ಆದೇಶ ರದ್ದಾಯಿತೆಂಬ ಮಾತನ್ನು ಅಕ್ಕನಿಗೆ ತಾವೇ ಹೇಳಬೇಕು, ನನ್ನ ಬಾಯಿಂದ ಕೇಳಿದರೆ ಆಕೆ ನಂಬುವುದಿಲ್ಲ. ಆಕೆಯನ್ನೇ ಕರೆತರೋಣವೆಂದರೆ ತಮ್ಮ ಕಚೇರಿಗೆ ಬರೀ ಮೆಟ್ಟಿಲುಗಳು. ಆದ್ದರಿಂದ ತಾವೇ ಇಳಿದು ಬನ್ನಿ. ದಾರಿ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಬೀದಿಯ ಅಂಚಿನ ಕಲ್ಲುಗಳ ಮೇಲೆ ನೀಲಿ ಇನ್ನೂ ಅಳಿಸಿಲ್ಲ. ಅದನ್ನೇ ಹಿಡಿದು ಬಂದರೆ ಅಕ್ಕನ ಬಾಗಿಲು ಸಿಗುತ್ತದೆ. ಹೊಸ್ತಿಲಿಲ್ಲ, ತಾವು ಎಡವುವುದಿಲ್ಲ.

ಇಂತಿ,
ತಮ್ಮ ನೀರನ್ನೂ ತಮ್ಮವರ ಪ್ಯಾಂಟನ್ನೂ ಇಷ್ಟು ದಿನ ಸಂಭಾಳಿಸಿದ
ಕೆಳಬೀದಿಯ ಲಾಂಡ್ರಿಯವಳು